ಅವ್ವ ಪಾಸು ಮಾಡಿದ ಮಹಾಯುದ್ಧ

ಪುಸ್ತಕದ ಪ್ರಕಾರ ಮೊದಲನೆಯ ಮಹಾಯುದ್ಧ ನಡೆದದ್ದು ನಾಲ್ಕು ವರ್ಷ. ಕೊಟ್ಟೂರಿನ ನಮ್ಮ ಮನೆಯಲ್ಲಿ ಅದು ಮುಗಿಯುವ ಲಕ್ಷಣವೇ ಇರಲಿಲ್ಲ. ನನ್ನ ಅವ್ವ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಅವಳನ್ನು ಕೆಡವಿದ್ದು ‘ಯುದ್ಧದ ಕಾರಣಗಳು ಮತ್ತು ಪರಿಣಾಮಗಳು’ ಎಂಬ ಪಾಠ. ಉಳಿದದ್ದೆಲ್ಲ ಪಾಸು. ಗಣಿತ ಪಾಸು, ಇಂಗ್ಲಿಷೂ ಪಾಸು. ಇಂಗ್ಲಿಷ್ ಹೇಗೆ ಪಾಸಾಯಿತು ಎಂದು ಕೇಳಿದರೆ ಅವಳೇ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವ್ವ ನಮ್ಮ ಓಣಿಯ ಅಂಗನವಾಡಿಯಲ್ಲಿ ಒಂಬತ್ತು ವರ್ಷದಿಂದ ಸಹಾಯಕಿ. ಬೆಳಿಗ್ಗೆ ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬರುವುದು, ಕಸ ಹೊಡೆಯುವುದು, ಉಪ್ಪಿಟ್ಟು ಮಾಡುವುದು, ನಲವತ್ತು ಮೂಗು ಒರೆಸುವುದು, ಇಷ್ಟು ಅವಳ ಪಾಲಿಗೆ. ಹಾಜರಿ ಪುಸ್ತಕ ಮಾತ್ರ ಅವಳು ಮುಟ್ಟುವಂತಿರಲಿಲ್ಲ. ಅದು ಟೀಚರಮ್ಮನದು. ಒಮ್ಮೆ ಟೀಚರಮ್ಮ ಜ್ವರ ಬಂದು ಮಲಗಿದಾಗ ಅವ್ವ ತಾನೇ ಎಲ್ಲ ಮಕ್ಕಳ ಹೆಸರು ಕೂಗಿ ಹಾಜರಿ ಹಾಕಿಬಿಟ್ಟಿದ್ದಳು. ಅಕ್ಷರ ಗುಂಡಗೆ, ಚೆಂದಗಿದ್ದವು. ತಪಾಸಣೆಗೆ ಬಂದ ಮೇಲ್ವಿಚಾರಕಿ ಅದನ್ನು ನೋಡಿ, ಮಕ್ಕಳ ಎದುರಿಗೇ, “ನೀನು ಆಯಾ, ಆಯಾ ಇದ್ದಂಗ ಇರು” ಎಂದಳು. ಅವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ. ಮರುವಾರವೇ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದಳು.

ಈಗ ಆ ಟೀಚರಮ್ಮ ಗಂಡನ ಕೆಲಸದ ಹಿಂದೆ ಹರಪನಹಳ್ಳಿಗೆ ಹೊರಟಿದ್ದಳು. ಪರೀಕ್ಷೆ ಪಾಸಾದರೆ ಜಾಗ ಅವ್ವನಿಗೆ, ಇಷ್ಟು ವರ್ಷ ದುಡಿದಿದ್ದಾಳೆ ಎಂಬ ಕಾರಣಕ್ಕೆ. ನನ್ನಂಥ ಮದುವೆಯಾಗದ ಹುಡುಗಿಯರನ್ನು ಆ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಫೇಲಾದರೆ ಜಾಗ ಹೋಗುವುದು ಓಣಿಯಲ್ಲಿ ಹತ್ತನೆಯದು ಪಾಸಾದ ಇನ್ನೊಬ್ಬಳೇ ಹೆಂಗಸಿಗೆ. ಅವಳು ನಮ್ಮ ದೊಡ್ಡವ್ವನ ಸೊಸೆ. ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ನಮ್ಮ ಪಡಸಾಲೆಯ ನಡುವೆ ಎದ್ದ ಗೋಡೆಯ ಆಚೆಗೆ ಅವರ ಮನೆ. ಹನ್ನೊಂದು ವರ್ಷದಿಂದ ನಮಗೂ ಅವರಿಗೂ ಮಾತಿಲ್ಲ. ಬೇರೆ ಯಾರಿಗಾದರೂ ಸೋತರೆ ಅವ್ವ ತಡೆದುಕೊಳ್ಳುತ್ತಿದ್ದಳೋ ಏನೋ. ಆ ಮನೆಗೆ ಸೋಲುವುದು ನನಗಂತೂ ಸಾಧ್ಯವಿರಲಿಲ್ಲ.

ನಾನು ಆಗ ಬಳ್ಳಾರಿಯಲ್ಲಿ ಬಿ.ಎಡ್. ಮುಗಿಸಿ, ಇತಿಹಾಸ ಬೋಧನೆಯಲ್ಲಿ ಒಳ್ಳೆಯ ಅಂಕ ತಂದು, ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಕೆಲಸವಿಲ್ಲದ ಬಿ.ಎಡ್. ನವರಷ್ಟು ಸಿಟ್ಟಿನ ಜನ ಭೂಮಿಯ ಮೇಲಿಲ್ಲ. ಅವ್ವನಿಗೆ ಪಾಠ ಹೇಳುವ ಹೊಣೆ ಹೊತ್ತುಕೊಂಡೆ. ಪಾಠ ಯೋಜನೆ ಬರೆದೆ. ಉದ್ದೇಶ, ಪೂರ್ವಜ್ಞಾನ, ಪ್ರಸ್ತಾವನೆ ಎಲ್ಲ ಹಾಕಿದೆ. ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ನನ್ನ ಎದುರಿಗೆ ಕೂತಳು. ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ, ಸೈನಿಕ ಪೈಪೋಟಿ, ರಹಸ್ಯ ಒಪ್ಪಂದಗಳು ಎಂದು ಬೆರಳು ಮಡಚಿ ಮಡಚಿ ಹೇಳಿದೆ. ಕೊನೆಗೆ ತಕ್ಷಣದ ಕಾರಣಕ್ಕೆ ಬಂದೆ. ಆಸ್ಟ್ರಿಯಾದ ಯುವರಾಜ ಹೆಂಡತಿಯ ಜೊತೆ ಸರಾಯೆವೋ ಎಂಬ ಊರಿಗೆ ಹೋದಾಗ ಒಬ್ಬ ಹುಡುಗ ಇಬ್ಬರನ್ನೂ ಗುಂಡಿಟ್ಟು ಕೊಂದ, ಅಲ್ಲಿಂದ ಯುದ್ಧ ಹೊತ್ತಿಕೊಂಡಿತು ಎಂದೆ.

“ಹೆಂಡ್ರೂ ಸತ್ತಳೇನು?” ಅವ್ವನ ಕೈ ನಿಂತಿತು. “ಮಕ್ಕಳಿದ್ವೇನು ಅವರಿಗೆ?”

“ಗೊತ್ತಿಲ್ಲ.”

“ಬಿ.ಎಡ್.ನಾಗ ಹೇಳ್ಲಿಲ್ಲೇನು?”

“ಅದು ಪರೀಕ್ಷಾಕ್ಕ ಬರಂಗಿಲ್ಲಬೇ!”

“ಮಕ್ಕಳನ್ನ ಯಾರ್ ನೋಡ್ಕೊಂಡ್ರು ಅಂತ ಒಬ್ಬರೂ ಬರದಿಲ್ಲ. ಒಪ್ಪಂದ ಯಾವಾಗಾತು ಅಂತ ಮಾತ್ರ ಬರದಾರ” ಎಂದು ಅವ್ವ ಮೂಗು ಮುರಿದಳು. ಒಂಬತ್ತು ವರ್ಷ ಊರ ಮಕ್ಕಳನ್ನು ಸಾಕಿದವಳ ಬುದ್ಧಿ ಇನ್ನೆಲ್ಲಿಗೆ ಹೋದೀತು? ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಮೂವರು ಮಕ್ಕಳಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ವಾರ ಕಳೆಯಿತು. ಅವ್ವನಿಗೆ ಎಲ್ಲವೂ ಬಾಯಿಪಾಠವಾಯಿತು, ಒಂದೂ ತಲೆಗೆ ಹೋಗಲಿಲ್ಲ. ಒಬ್ಬ ಯುವರಾಜ ಸತ್ತರೆ ಸಂಬಂಧವೇ ಇಲ್ಲದ ದೇಶಗಳು ಯಾಕೆ ಕೈಯಲ್ಲಿ ಬಂದೂಕು ಹಿಡಿದು ಎದ್ದವು ಎಂಬುದೇ ಅವಳಿಗೆ ಬಿಡಿಸಲಾಗದ ಗಂಟು. “ರಹಸ್ಯ ಒಪ್ಪಂದ ಅಂದ್ರ ಏನಾ?” ಎಂದು ಹತ್ತನೆಯ ಸಲ ಕೇಳಿದಳು. ನನ್ನ ತಾಳ್ಮೆ ಕೈಕೊಟ್ಟಿತು.

“ಪಂಚಮಿಗೆ ನೀನು ಯಾರ ಮನಿಗೆ ಉಂಡಿ ಕಳಸ್ತಿ, ಯಾರ ಮನಿಗೆ ಕಳಸಂಗಿಲ್ಲ, ಕಳಸಿದ್ದು ಯಾರಿಗೆ ಗೊತ್ತಾಗಬಾರ್ದು ಅಂತ ಮ್ಯಾಲ ಅರಿವಿ ಮುಚ್ಚತಿ, ಅದಾ ರಹಸ್ಯ ಒಪ್ಪಂದ! ತಿಳೀತೇನು?”

ನಾನು ರೇಗಿ ಹೇಳಿದ ಮಾತು ಅದು. ಅವ್ವ ಮೊರ ಕೆಳಗಿಟ್ಟಳು. ಅವಳ ಮುಖ ಅರಳಿದ್ದನ್ನು ನಾನು ನೋಡುತ್ತಲೇ ಇದ್ದೆ.

“ಅಯ್ಯ! ಮೊದಲ ಹೇಳಬಾರ್ದೇನು?” ಎಂದವಳೇ ಶುರು ಮಾಡಿದಳು. ಕಿರಾಣಿ ಅಂಗಡಿಯವಳಿಗೂ ನಮಗೂ ನಾಗರಪಂಚಮಿಯ ಉಂಡಿ, ಎಂದರೆ ಲಾಡು, ಕೊಟ್ಟು ತರುವ ಬಳಕೆ ಇದೆ, ಆದ್ದರಿಂದ ನಮ್ಮ ಜೊತೆ ಯಾರಾದರೂ ಜಗಳಕ್ಕೆ ನಿಂತರೆ ಅವಳು ನಮ್ಮ ಕಡೆ ಬಾಯಿ ಬಿಡಲೇಬೇಕು. ದೊಡ್ಡವ್ವನಿಗೂ ಮೂಲೆಯ ಮನೆಯವಳಿಗೂ ಅಂಥದೇ ಬಳಕೆ. ಹೀಗಿರುವಾಗ ಒಬ್ಬಳ ಕೋಳಿ ಇನ್ನೊಬ್ಬಳ ಅಂಗಳಕ್ಕೆ ಹೋದರೂ ಹತ್ತು ಮನೆಯ ಬಾಗಿಲು ತೆರೆಯುತ್ತವೆ. “ಕೋಳಿ ಸಲುವಾಗಿ ಯಾರೂ ಬರಂಗಿಲ್ಲ. ಉಂಡಿ ಸಲುವಾಗಿ ಬರ್ತಾರ” ಎಂದಳು ಅವ್ವ. ನಾನು ವರ್ಷಗಟ್ಟಲೆ ಓದಿದ್ದನ್ನು ಅವಳು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದಳು. ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಮರುದಿನ ಬೆಳಿಗ್ಗೆ ನಾನು ಎದ್ದು ಹೊರಗೆ ಬಂದರೆ ನಮ್ಮ ಬಾಗಿಲ ಮುಂದೆ ಯುರೋಪು ಬಿದ್ದಿತ್ತು. ಅವ್ವ ಅಂಗಳ ಸಾರಿಸಿ ರಂಗೋಲಿ ಪುಡಿಯಲ್ಲಿ ಇಡೀ ಓಣಿಯನ್ನೇ ಬಿಡಿಸಿದ್ದಳು. ಒಂದೊಂದು ಮನೆಗೆ ಒಂದೊಂದು ಚೌಕ, ಚೌಕದೊಳಗೆ ದೇಶದ ಹೆಸರು. ಗಟಾರದ ಆಚೆಗಿದ್ದ ಕಿರಾಣಿ ಅಂಗಡಿಯ ಮನೆ ಬ್ರಿಟನ್, ಗಟಾರವೇ ಕಡಲು. ಹದಿನಾಲ್ಕು ಜನ ತುಂಬಿಕೊಂಡು, ಒಳಗೆ ಯಾರ ಮಾತು ಯಾರೂ ಕೇಳದ ದೊಡ್ಡ ಮನೆ ರಷ್ಯಾ. ಎಲ್ಲರೂ ಬೋರಿಗೆ ಹೋಗುವಾಗ ಹೇಳದೆ ಕೇಳದೆ ಅಡ್ಡ ಹಾಯುತ್ತಿದ್ದ ಅಂಗಳದ ಮನೆ ಬೆಲ್ಜಿಯಂ. ನಾವು ಫ್ರಾನ್ಸ್. ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡ ದೊಡ್ಡವ್ವನ ಮನೆ ಜರ್ಮನಿ, ಅದಕ್ಕೆ ಮಾತ್ರ ಅರಿಶಿನ ಕುಂಕುಮ ಎರಡೂ ತುಂಬಿ ಢಾಳಾಗಿ ಕಾಣುವಂತೆ ಮಾಡಿದ್ದಳು. ಶೇಂಗಾ ಮಿಲ್ಲಿಗೆ ಹೊರಟಿದ್ದ ಅಪ್ಪ ಎಲ್ಲೂ ಕಾಲಿಡದೆ, ಪಂಚೆ ಎತ್ತಿಕೊಂಡು, ಅಂಚಿನಲ್ಲೇ ದಾಟಿ ಹೋದ. ಅವನು ಹುಟ್ಟಾ ತಟಸ್ಥ ರಾಷ್ಟ್ರ.

ಎಂಟು ಗಂಟೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ನಮ್ಮ ಬಾಗಿಲಲ್ಲಿ. ಪರೀಕ್ಷೆಯ ವಿಷಯ ಗುಟ್ಟಾಗಿರಲಿ ಎಂದು ನಾನು ತಿಂಗಳಿಂದ ಬಡಿದುಕೊಂಡದ್ದು ನೀರಿನಲ್ಲಿ ಹೋಮವಾಯಿತು. ಎಲ್ಲರಿಗೂ ತಂತಮ್ಮ ದೇಶ ಬೇಕಿತ್ತು. ಬೆಲ್ಜಿಯಮ್ಮಿನವಳು ತನ್ನನ್ನು ಎಲ್ಲರೂ ತುಳಿಯುತ್ತಾರೆ ಎಂದು ಪುಸ್ತಕದಲ್ಲೇ ಬರೆದಿದೆ ಎಂದು ತಿಳಿದು, “ನೋಡ್ರಿ, ನಾ ಹೇಳಿದ್ರ ಕೇಳ್ತಿದ್ದಿಲ್ಲ!” ಎಂದು ಕಣ್ಣೀರು ಹಾಕಿದಳು. ಎದುರು ಮನೆಯ ಖಾಲಾ ಸ್ಕೂಟರ್ ಮೆಕ್ಯಾನಿಕ್‌ನ ಹೆಂಡತಿ. ಪಂಚಮಿಗೆ ಎಲ್ಲರ ಉಂಡಿಯೂ ಅವಳ ಮನೆಗೆ ಹೋಗುತ್ತಿದ್ದವು, ರಂಜಾನಿಗೆ ಅವಳ ಶಾವಿಗೆಯ ಸುರಕುಂಬಾ ಎಲ್ಲರ ಮನೆಗೂ ಬರುತ್ತಿತ್ತು.

“ನಂದ್ಯಾವ ದೇಶ ಅಕ್ಕಾ?”

“ನಿಂದು ಅಮೆರಿಕಾ. ಮೊದಲ ಯಾರ ಕಡಿನೂ ಇರಂಗಿಲ್ಲ. ಎಲ್ಲಾರೂ ಬಡಿದಾಡಿ ಸುಸ್ತಾದಮ್ಯಾಲೆ ಬರ್ತಿ.”

“ಹಂಗಾದ್ರ ಬರೋಬ್ಬರಿ ಐತಿ. ಮೊದಲ ಬಂದ್ರ ನಮ್ಮನಿಯವರು ಬೈತಾರ” ಎಂದಳು ಖಾಲಾ.

ಅಷ್ಟರಲ್ಲಿ ದೊಡ್ಡವ್ವನ ಸೊಸೆ ಬೋರಿನಿಂದ ಎರಡು ಕೊಡ ನೀರು ಹೊತ್ತು ಬಂದಳು. ಎಲ್ಲರೂ ಸರಿದು ದಾರಿ ಬಿಟ್ಟರು. ಅವಳು ನಿಂತು, ತನ್ನ ಮನೆಯ ಮೇಲಿನ ಕುಂಕುಮವನ್ನು ಒಂದು ಗಳಿಗೆ ನೋಡಿದಳು. ಈಗ ಕೊಡ ಎತ್ತಿ ಯುರೋಪಿನ ಮೇಲೆ ಸುರಿಯುತ್ತಾಳೆ ಎಂದೇ ನಾನು ತಿಳಿದೆ. ಅವಳು ತಲೆ ಬಗ್ಗಿಸಿಕೊಂಡೇ, “ಇಟಲಿ ತಪ್ಪೈತ್ರಿ. ಅದು ಮೊದಲ ಜರ್ಮನಿ ಕಡಿ ಒಪ್ಪಂದ ಮಾಡಿಕೊಂಡು, ಯುದ್ಧದಾಗ ಈ ಕಡಿ ಬಂತು” ಎಂದು ಹೇಳಿ ಒಳಗೆ ಹೋದಳು.

ಅವಳು ಹೇಳಿದ್ದು ಸರಿಯಿತ್ತು. ನಾನು ಅದನ್ನು ಹೇಳಿಕೊಡುವುದೇ ಮರೆತಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಅವ್ವ ಮಾತ್ರ ಇಟಲಿಯನ್ನು ಅಳಿಸಿ ಬೇರೆ ಕಡೆ ಬರೆದು, “ಹುಡುಗಿ ಶಾಣ್ಯಾ ಅದಾಳ” ಎಂದಳು. ತನ್ನ ಎದುರಾಳಿಯನ್ನು ಹೊಗಳುವ ಈ ಚಾಳಿ ನನಗೆ ಒಂಚೂರೂ ಹಿಡಿಸಲಿಲ್ಲ.

ಕಾರಣಗಳು ಮುಗಿದವು. ಪರಿಣಾಮಗಳಿಗೆ ಬಂದೆವು. ವರ್ಸೇಲ್ಸ್ ಒಪ್ಪಂದದ ಭಾಗವನ್ನು ನಾನು ಓದಿ ಹೇಳಿದೆ. ಗೆದ್ದವರು ಕೂತು ಒಪ್ಪಂದ ಬರೆದರು, ಸೋತ ಜರ್ಮನಿಯನ್ನು ಮಾತುಕತೆಗೆ ಕರೆಯಲಿಲ್ಲ, ಯುದ್ಧಕ್ಕೆಲ್ಲ ಅದೇ ಹೊಣೆ ಎಂದು ಅದರಿಂದಲೇ ಒಪ್ಪಿಸಿದರು, ನೆಲ ಕಿತ್ತುಕೊಂಡರು, ಆ ಅವಮಾನದಿಂದಲೇ ಇಪ್ಪತ್ತು ವರ್ಷದಲ್ಲಿ ಇನ್ನೊಂದು ಯುದ್ಧ ಹುಟ್ಟಿತು. ಅವ್ವ ಪಡಸಾಲೆಯ ನಡುವಿನ ಗೋಡೆ ನೋಡುತ್ತ ಕೂತಳು.

“ತಿಳೀತೇನಬೇ?”

“ತಿಳೀತು. ತಿಳಿಬಾರ್ದಿತ್ತು” ಎಂದಳು.

ನಮ್ಮ ಮನೆಯ ಜಗಳದ ತಕ್ಷಣದ ಕಾರಣ ಒಂದು ತಾಟು. ಪಂಚಮಿಯಲ್ಲಿ ಉಂಡಿ ತಂದ ತಾಟನ್ನು ಯಾರೂ ಬರಿದಾಗಿ ತಿರುಗಿ ಕೊಡುವುದಿಲ್ಲ. ತಮ್ಮ ಮನೆಯ ಉಂಡಿ ಇಡುತ್ತಾರೆ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಇಡುತ್ತಾರೆ. ಆ ವರ್ಷ ದೊಡ್ಡವ್ವ ಅವ್ವನ ತಾಟನ್ನು ತೊಳೆದು, ಬರಿದು ಮಾಡಿ, ಹೊಸ್ತಿಲಲ್ಲಿಟ್ಟು ಹೋದಳು. ಆಗ ಎಲ್ಲರೂ ಒಂದೇ ಮನೆಯಲ್ಲಿದ್ದರೂ ಒಲೆ ಬೇರೆಯಾಗಿದ್ದವು. ಮಾತಿಗೆ ಮಾತು ಬೆಳೆಯಿತು. ಹಿರಿಯರು ನಾಲ್ವರು ಬಂದು ಕೂತರು. ತಾಟು ಬರಿದು ಕಳಿಸಿದವಳದೇ ತಪ್ಪು ಎಂದು ತೀರ್ಮಾನವಾಯಿತು. ದೊಡ್ಡವ್ವ ಎಲ್ಲರ ಎದುರು ನಿಂತು “ತಪ್ಪಾತು” ಎನ್ನಬೇಕಾಯಿತು. ಪಾಲು ಮಾಡುವಾಗ ನೀರಿನ ನಳ ನಮ್ಮ ಕಡೆಗೆ ಬಂತು, ಅವರು ಅಂದಿನಿಂದ ಬೋರಿನ ನೀರು ಹೊತ್ತರು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವ್ವ ಈಗ ಹೇಳಿದಳು.

“ಆ ವರ್ಷ ನಾ ಕಳಿಸಿದ್ದು ಒಡದ ಉಂಡಿ. ಪಾಕ ಕೆಟ್ಟು ಪುಡಿ ಪುಡಿ ಆಗಿದ್ವು. ಛಲೋವು ಊರಿಗೆಲ್ಲ ಕೊಟ್ಟೆ, ಒಡದವು ಅಕ್ಕಗ ಕಳಿಸಿದೆ. ಬೇಕಂತ ಕಳಿಸಿದೆ. ಆಕಿ ಯಾವಾಗಲೂ ತನ್ನ ತವರು ಹೊಳಲಿನ ಡೌಲು ಹೇಳ್ತಿದ್ಲು, ನಮ್ಮೂರಾಗ ದೇವರು ಹಾವಿನ ಮ್ಯಾಲೆ ಮಲಗ್ಯಾನ, ನಿಮ್ಮ ತವರು ಕಾನಹೊಸಹಳ್ಳ್ಯಾಗ ಬರೇ ಬಸ್ಸು ನಿಂತಾವ ಅಂತ. ನನಗ ಸಿಟ್ಟಿತ್ತು. ಹಿರೇರು ಕೇಳಿದಾಗ ನಾ ಬಾಯಿ ಬಿಡ್ಲಿಲ್ಲ. ಒಬ್ಬರದಾ ತಪ್ಪು ಅಂತ ಬರಸಿಕೊಂಡ್ರು ಅಂತಲ್ಲ ಪುಸ್ತಕದಾಗ, ಅದು ಸುಳ್ಳವಾ. ಒಬ್ಬರದಾ ಹೆಂಗಿರ್ತೈತಿ?”

ಪಾಠ ಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. “ಪರೀಕ್ಷಾ ಮುಗೀಲಿ” ಎಂದೆ, ಮೇಷ್ಟರ ದನಿಯಲ್ಲಿ.

ಪರೀಕ್ಷಾ ಕೇಂದ್ರ ಕೂಡ್ಲಿಗಿಯಲ್ಲಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವ್ವ ಕಿಟಕಿಗೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಲೇ ಇದ್ದಳು. ಕೋಣೆಯ ಬಾಗಿಲಲ್ಲಿ ಮೇಷ್ಟರೊಬ್ಬರು ಅವಳನ್ನು ತಡೆದು, “ತಾಯಿಗಳೆಲ್ಲ ಹೊರಗಿರ್ರಿ” ಎಂದರು. ಅವ್ವ ಪ್ರವೇಶ ಪತ್ರ ತೋರಿಸಿ, “ನಾನಾ ಹುಡುಗಿ ರೀ” ಎಂದಳು. ಹೊರಗೆ ಬೇವಿನ ಗಿಡದ ಕೆಳಗೆ ಅಪ್ಪ ಅಮ್ಮಂದಿರ ಸಾಲಿನಲ್ಲಿ ನಾನೂ ಕೂತೆ. ಪಕ್ಕದ ಹೆಂಗಸು ಒಳಗೆ ತಮ್ಮನೋ ತಂಗಿಯೋ ಎಂದು ಕೇಳಿದಳು. ನಮ್ಮವ್ವ ಎಂದೆ. ಅವಳು ನನ್ನನ್ನು ಒಂದು ಸಲ, ಪರೀಕ್ಷೆಯ ಕೋಣೆಯನ್ನು ಒಂದು ಸಲ ನೋಡಿ, ತನ್ನ ಮಗನ ಪಾಲಿನ ಬಾಳೆಹಣ್ಣಿನಲ್ಲಿ ಒಂದನ್ನು ನನಗೆ ಕೊಟ್ಟಳು.

ಮೂರು ತಾಸಿನ ಮೇಲೆ ಅವ್ವ ಬೆರಳೆಲ್ಲ ಮಸಿ ಮಾಡಿಕೊಂಡು ಹೊರಗೆ ಬಂದಳು. ಯುದ್ಧದ ಪ್ರಶ್ನೆ ಬಂದಿತ್ತು, ಪರಿಣಾಮಗಳನ್ನೇ ಕೇಳಿದ್ದರು. ಎರಡು ಪುಟ ತುಂಬ ಬರೆದೆ ಎಂದಳು.

“ಯಾರ ಮನಿ ಹೆಸರೂ ಬರದಿಲ್ಲ ಹೌದಲ್ಲ? ಉಂಡಿ ಗಿಂಡಿ?”

“ಒಂದು ಕಡಿ ಅಕ್ಕ ಅಂತ ಬಂದಿತ್ತು. ಹೊಡದು ಜರ್ಮನಿ ಅಂತ ಮಾಡೀನಿ” ಎಂದಳು.

ಆ ಪತ್ರಿಕೆ ತಿದ್ದಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಮೂವತ್ತೈದು ಬಂದರೆ ಸಾಕಿತ್ತು, ಮೂವತ್ತೆಂಟು ಕೊಟ್ಟಿದ್ದರು. ಶಾಲೆಯ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ಅವ್ವನ ನಂಬರು ಕಂಡಾಗ ನಾನು ನಡುರಸ್ತೆಯಲ್ಲಿ ಕೂಗಿಬಿಟ್ಟೆ. ಅಪ್ಪ ಮೊದಲ ಬಾರಿಗೆ ತಟಸ್ಥ ನೀತಿ ಬಿಟ್ಟು ಅರ್ಧ ಕಿಲೋ ಜಿಲೇಬಿ ತಂದ. ತಿಂಗಳೊಳಗೆ ಆದೇಶವೂ ಬಂತು. ನಾನು ಅದನ್ನು ಗೋಡೆಯ ಹತ್ತಿರ ನಿಂತು, ಆಚೆಗೆ ಕೇಳುವಂತೆ, ಗಟ್ಟಿಯಾಗಿ ಎರಡು ಸಲ ಓದಿದೆ. ಎಷ್ಟು ಹಿತವಾಗಿತ್ತು! ಈಗ ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ಅವ್ವ ನನ್ನ ಕೈಯಿಂದ ಕಾಗದ ಕಸಿದುಕೊಂಡಳು. ಅವಳು ಟೀಚರಮ್ಮನಾದದ್ದರಿಂದ ಸಹಾಯಕಿಯ ಜಾಗ ಖಾಲಿಯಾಗಿತ್ತು. ಗೊತ್ತಿರುವವರು ಯಾರಾದರೂ ಇದ್ದರೆ ಅರ್ಜಿ ಹಾಕಿಸು ಎಂದು ಮೇಲ್ವಿಚಾರಕಿ ಅವಳಿಗೇ ಹೇಳಿದ್ದಳು. ಸಂಜೆ ಮುಖ ತೊಳೆದು, ಬೇರೆ ಸೀರೆ ಉಟ್ಟು, ದೊಡ್ಡವ್ವನ ಮನೆಗೆ ಹೊರಟು ನಿಂತಳು.

ನಾನು ಬಾಗಿಲಿಗೆ ಅಡ್ಡ ನಿಂತೆ. “ಗೆದ್ದಾರು ನಾವು. ನಾವ್ಯಾಕ ಹೋಗಬೇಕು? ಬೇಕಾದ್ರ ಅವರಾ ಬರ್ಲಿ.”

“ಗೆದ್ದಾರಾ ಹೋಗಬೇಕು. ಸೋತಾರಿಗೆ ಬರಾಕ ಬರಂಗಿಲ್ಲ. ಸರಿ ಅತ್ತಾಗ.”

ಅವಳ ಹಿಂದೆಯೇ ಹೋದೆ, ಅವಮಾನವಾದರೆ ಎಳೆದುಕೊಂಡು ಬರಲು. ದೊಡ್ಡವ್ವ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೂರು ಎನ್ನಲಿಲ್ಲ. ಒಳಗೆ ಸೊಸೆಯ ಬಳೆ ಸದ್ದು ನಿಂತಿತು. ಅವ್ವ ನಿಂತುಕೊಂಡೇ ಸಹಾಯಕಿಯ ಜಾಗದ ಮಾತು ಹೇಳಿದಳು. ದೊಡ್ಡವ್ವ ತಲೆ ಎತ್ತಿದಳು.

“ಗೆದ್ದು ಬಂದು ಭಿಕ್ಷಾ ಹಾಕ್ತೀಯೇನು? ಹತ್ತನೇದು ಪಾಸಾದ ನನ್ನ ಸೊಸಿ ನಿನ್ನ ಕೈ ಕೆಳಗ ಕಸ ಹೊಡೀಬೇಕೇನು?”

ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. “ಆ ವರ್ಷ ಉಂಡಿ...” ಎಂದು ಶುರು ಮಾಡಿದಳು.

“ಗೊತ್ತೈತಿ. ತಿಂದಾಕಿ ನಾನಲ್ಲೇನು?” ಎಂದಳು ದೊಡ್ಡವ್ವ.

ಹನ್ನೊಂದು ವರ್ಷ ಈ ಹೆಂಗಸು ಅದನ್ನು ಯಾರಿಗೂ ಹೇಳಿರಲಿಲ್ಲ. ಹಿರಿಯರ ಮುಂದೆಯೂ ಹೇಳಿರಲಿಲ್ಲ. ನನಗೆ ನಿಂತಲ್ಲೇ ತಲೆ ತಗ್ಗಿತು. ಅವ್ವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

“ಕಸ ಇಬ್ಬರೂ ಕೂಡಿ ಹೊಡಿತೀವಕ್ಕಾ” ಎಂದಳು. “ಒಲಿನೂ ಇಬ್ಬರೂ ಹಚ್ಚತೀವಿ. ಹಾಜರಿ ಪುಸ್ತಕ ಒಂದಿನ ನಾ ಬರೀತೀನಿ, ಒಂದಿನ ಆಕಿ ಬರೀಲಿ. ಮ್ಯಾಲಿನಾರು ಬಂದು ಕೇಳಿದ್ರ ನಾ ಹೇಳ್ಕೊಂತೀನಿ.”

ಮೂರು ಸಲ ಪರೀಕ್ಷೆ ಕಟ್ಟಿ, ಯುರೋಪನ್ನು ಅಂಗಳಕ್ಕೆ ಇಳಿಸಿ ಅವಳು ಗಳಿಸಿದ್ದು ಆ ಒಂದು ಪುಸ್ತಕವನ್ನು. ಆದೇಶದ ಮಸಿ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಅದರಲ್ಲಿ ಅರ್ಧ ಕೊಟ್ಟುಬಿಟ್ಟಿದ್ದಳು.

ದೊಡ್ಡವ್ವ ಕೈಯಲ್ಲಿದ್ದ ಹುಣಸೆಹಣ್ಣಿನ ನಾರು ತೆಗೆದಿಟ್ಟಳು. ಆಮೇಲೆ ನಮ್ಮನ್ನು ನೋಡದೆ, ಒಳಗೆ ಮುಖ ಮಾಡಿ ಸೊಸೆಯನ್ನು ಕೂಗಿದಳು.

“ಮುಂಜಾನಿ ಎಷ್ಟೊತ್ತಿಗೆ ಬರಬೇಕಂತ ಕೇಳವಾ, ನಿಮ್ಮ ಸಣ್ಣತ್ತಿನ್ನ.”